ಭೀಮರಾಜ್ ಸ್ಪೇನಿಗೆ ಹೋಗದೇ ಇದ್ದ ಪ್ರಕರಣ

ಅರಸೀಕೆರೆಯಿಂದ ಹೊರಟು ಸ್ಪೇನ್ ದೇಶದ ವೆಲೆನ್ಸಿಯಾ ಊರು ಸೇರಿ, ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಪಂದ್ಯವೊಂದನ್ನು ನೋಡಿಕೊಂಡು ಕ್ಷೇಮವಾಗಿ ವಾಪಸು ಬರುವುದು ಹೇಗೆ ಎಂಬ ಬಗ್ಗೆ ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆಯವರೆಗೆ ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಸರಿಯಾದ ಮಾಹಿತಿ ಇರಲಿಲ್ಲ. ಇದರಿಂದ ಯಾರಿಗಾದರೂ ತೊಂದರೆಯಾಗಿತ್ತು ಎಂದು ಹೇಳಲು ಆಧಾರವಿಲ್ಲ. ಆದರೂ ಕೊರತೆ ಕೊರತೆಯೇ. ಅದನ್ನು ಭೀಮರಾಜ್ ತುಂಬಿದ.

ಭೀಮರಾಜ್ ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಅವನ ವಂಶದಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲನೆಯ ಕೈ ಅವನದು. ಹಾಗಾಗಿ ಆ ನೌಕರಿಯನ್ನು ಅವನು ತುಂಬಿದ ಹಾಲಿನ ಚೆಂಬಿನಂತೆ ಹಿಡಿದುಕೊಂಡು ಓಡಾಡುತ್ತಿದ್ದ. ಬೀಗ ಹಾಕಿದ ಮೇಲೆ ಬಾಗಿಲು ಎಳೆದು ನೋಡುವುದು, ಅಂಚೆ ಡಬ್ಬಿಗೆ ಕಾಗದ ಹಾಕಿ ಅದು ಒಳಗೆ ಬಿದ್ದಿತೋ ಇಲ್ಲವೋ ಎಂದು ಬಗ್ಗಿ ಇಣುಕುವುದು ಅವನ ಸ್ವಭಾವ. ಇಲಾಖಾ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಕೊನೆಯ ಪತ್ರಿಕೆಯಲ್ಲಿ ಮುಗ್ಗರಿಸಿದ್ದ. ಅದೇ ಸಮಯದಲ್ಲಿ ಕೇಬಲ್ ಟಿವಿಯಲ್ಲಿ ವೆಲೆನ್ಸಿಯಾ ಎಂಬ ತಂಡ ಯುರೋಪಿನ ದೊಡ್ಡ ಕಪ್ಪಿನ ಫೈನಲ್ಲಿಗೆ ಒಂದರ ಹಿಂದೊಂದು ಎರಡು ವರ್ಷ ಬಂದು, ಎರಡೂ ವರ್ಷ ಸೋತಿದ್ದನ್ನು ಕಂಡ. ಇಷ್ಟು ದೂರದಲ್ಲಿ ತನ್ನಂಥವರೇ ಹನ್ನೊಂದು ಜನ ಇದ್ದಾರಲ್ಲ ಎಂದು ಅವನಿಗೆ ಅನ್ನಿಸಿತು. ಅವತ್ತಿನಿಂದ ಆ ಕ್ಲಬ್ಬು ಅವನ ನೆಂಟರ ಪೈಕಿಯಾಯಿತು. ಕ್ಲಬ್ಬಿನ ಲಾಂಛನದ ನೆತ್ತಿಯಲ್ಲಿ ಬಾವಲಿ ಇರುವುದೊಂದೇ ತಾಯಿ ರುದ್ರಮ್ಮನ ತಕರಾರು. "ಲೋಕದಾಗೆ ಬ್ಯಾರೆ ಹಕ್ಕಿ ಇರ್ನಿಲ್ವೇನಪ್ಪಾ?" ಎಂದು ಕೇಳಿದ್ದಳು.

ಆ ವರ್ಷ ಏಪ್ರಿಲ್ಲಿನಲ್ಲಿ ಭೀಮರಾಜನಿಗೆ ಅಮ್ಮ ಬಂದಳು. ಡಾಕ್ಟರುಗಳು ಇದಕ್ಕೆ ಚಿಕನ್‌ಪಾಕ್ಸ್ ಎನ್ನುತ್ತಾರೆ. ರುದ್ರಮ್ಮ ಏನೂ ಅನ್ನುವುದಿಲ್ಲ. ಅನ್ನಲೇಬಾರದು ಎಂಬುದೇ ಅವಳು ಹುಟ್ಟಿದ ಹಳ್ಳಿಯ ಕಟ್ಟಳೆ. ಅಮ್ಮ ಮೈಮೇಲೆ ಆಡುತ್ತಿರುವಾಗ ಹೆಸರು ಎತ್ತಬಾರದು, ಮದ್ದು ಕೊಡಬಾರದು, ಡಾಕ್ಟರ ಮುಖ ನೋಡಬಾರದು, ಹೊರಗಿನವರನ್ನು ಒಳಗೆ ಬಿಡಬಾರದು, ಒಳಗೆ ಒಬ್ಬ ಮಲಗಿದ್ದಾನೆ ಎಂದು ಹೊರಗೆ ಹೇಳಲೂ ಬಾರದು. ಇದೆಲ್ಲ ಮೂಢನಂಬಿಕೆ ಎಂದು ಹೋದ ವರ್ಷದ ಬುದ್ಧ ಜಯಂತಿಯಲ್ಲಿ ಇಡೀ ಕಾಲೋನಿಗೆ ಮೈಕಿನಲ್ಲಿ ಭಾಷಣ ಮಾಡಿದವನು ಭೀಮರಾಜನೇ. ಆದರೆ ಜ್ವರ ಏರಿದಾಗ ಮೈಕು ಕೈಗೆ ಸಿಗುವುದಿಲ್ಲ, ತಾಯಿ ಸಿಗುತ್ತಾಳೆ. ಗೋಡೆಯ ಮೇಲಿದ್ದ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಅವನು ಬೇವಿನ ಸೊಪ್ಪಿನ ಮೇಲೆ ಮಲಗಿದ.

ರಜೆಯ ಅರ್ಜಿ ಬರೆಯುವಾಗ ರುದ್ರಮ್ಮ ತಲೆದೆಸೆಯಲ್ಲೇ ನಿಂತಿದ್ದಳು. "ಅವ್ಳ ಹೆಸ್ರು ಕಾಗ್ದದ ಮ್ಯಾಲೆ ಬರ್ದೀಯಾ, ಜ್ವಾಕೆ!"

ಹೀಗಾಗಿ ಅವನು 'ಅನಿವಾರ್ಯ ಸ್ವಂತ ಕಾರಣಗಳಿಗಾಗಿ' ಎಂದಷ್ಟೇ ಬರೆದ. ಎರಡು ವಾರ ಬಾಗಿಲಿಗೆ ಬಂದವರಿಗೆಲ್ಲ ರುದ್ರಮ್ಮ, "ಭೀಮ ಇಲ್ಲ ಕಣ್ರಪ್ಪಾ" ಎಂದಳು. ಎಲ್ಲಿಗೆ ಹೋದ ಎಂದು ಕೇಳಿದರೆ ಆಕಾಶ ನೋಡಿ ಕೈ ಮುಗಿದಳು. ಆಕಾಶ ಎಂದರೆ ವಿಮಾನ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಮೈಕಡಿತ ತಡೆಯಲಾರದೆ, ಕೆರೆದುಕೊಳ್ಳುವ ಕೈಗೆ ಬೇರೆ ಕೆಲಸ ಇರಲೆಂದು ಭೀಮರಾಜ್ ಬರೆಯತೊಡಗಿದ. ಸೈಬರ್ ಸೆಂಟರಿನಿಂದ ತಿಂಗಳುಗಟ್ಟಲೆ ಪ್ರಿಂಟು ತೆಗೆಸಿಟ್ಟಿದ್ದ ಹಾಳೆಗಳು ದಿಂಬಿನಡಿಯಲ್ಲಿದ್ದವು. ಒಂದೊಂದು ಮಾತನ್ನೂ ಎರಡೆರಡು ಹಾಳೆಯಲ್ಲಿ ತಾಳೆ ನೋಡಿ, 'ವೆಲೆನ್ಸಿಯಾ ಕ್ಲಬ್ಬಿಗೆ ಹೊರಟ ಅಭಿಮಾನಿಗೆ ಕೈಪಿಡಿ' ಎಂಬ ಲೇಖನ ಮುಗಿಸಿದ. ಅದರ ಕೆಲವು ಸಾಲು ಹೀಗಿದ್ದವು:

'ರೈಲು ನಿಲ್ದಾಣದಿಂದ ಹೊರಬಂದರೆ ಪಕ್ಕದಲ್ಲೇ ಗೂಳಿ ಕಾಳಗದ ದೊಡ್ಡ ಕಟ್ಟಡ. ಅದನ್ನು ಸ್ಟೇಡಿಯಂ ಎಂದು ತಿಳಿದು ಒಳಗೆ ನುಗ್ಗಬೇಡಿ. ಮುಂದೆ ಒಂದು ಹೊಳೆ ಸಿಗುತ್ತದೆ. ಅದರಲ್ಲಿ ನೀರಿಲ್ಲ, ಹೊಳೆಯನ್ನು ಬೇರೆ ಕಡೆ ತಿರುಗಿಸಿ ಪಾತ್ರದಲ್ಲಿ ಉದ್ಯಾನ ಮಾಡಿದ್ದಾರೆ. ದಾಟಿ ಬಲಕ್ಕೆ ತಿರುಗಿದರೆ ಮೆಸ್ತಾಯಾ ಎಂಬ ಸ್ಟೇಡಿಯಂ. ಬೇಲೂರಿನಲ್ಲಿ ಬಿಡುವ ಹಾಗೆ ಇಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ. ಹಳೇಬೀಡಿನಲ್ಲಿ ಗೈಡುಗಳು ಮುತ್ತುವ ಹಾಗೆ ಟಿಕೆಟ್ಟು ಮಾರುವವರು ಮುತ್ತಿದರೆ ಮಾತಾಡದೆ ಕೌಂಟರಿಗೆ ಹೋಗಿ. ಜನ ಸೂರ್ಯಕಾಂತಿ ಬೀಜ ತಿಂದು ಸಿಪ್ಪೆಯನ್ನು ಅಲ್ಲೇ ಉಗಿಯುತ್ತಾರೆ, ಕೋಪ ಮಾಡಿಕೊಳ್ಳಬಾರದು. ಊರು ಕಿತ್ತಳೆಗೆ ಹೆಸರುವಾಸಿ.'

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸ್ಟೇಡಿಯಮ್ಮಿನ ಮೇಲಿನ ಅಂತಸ್ತು ಬಹಳ ಕಡಿದು ಎಂದು ಹಾಳೆಯಲ್ಲಿತ್ತು. ಅದನ್ನು ಹಾಗೇ ಬರೆದರೆ ಒಣಒಣವಾಗಿ ಕಾಣುತ್ತದೆ ಎನ್ನಿಸಿ ಭೀಮರಾಜ್, ತಾನು ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿದ್ದನ್ನು ನೆನೆದು, ಒಂದು ಸಾಲು ಸೇರಿಸಿದ: 'ಅರ್ಧ ಹತ್ತುವಷ್ಟರಲ್ಲಿ ಎಡಮಂಡಿ ಹಿಡಿದುಕೊಳ್ಳುತ್ತದೆ, ಆದರೆ ತಿರುಗಿ ಕೆಳಗೆ ನೋಡಿದರೆ ಆ ಹಸಿರಿಗೆ ಎಲ್ಲ ಮರೆತುಹೋಗುತ್ತದೆ.' ಬರೆದು, ಓದಿ, ಕಣ್ಣೊರೆಸಿಕೊಂಡ.

ಅರಸೀಕೆರೆಯಲ್ಲಿ ಜಯದೇವಪ್ಪ ಎಂಬುವರು ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ಇಟ್ಟುಕೊಂಡು, ಬಿಡುವಿದ್ದಾಗ ನಾಲ್ಕು ಪುಟದ ವಾರಪತ್ರಿಕೆ ತರುತ್ತಿದ್ದರು. ಎದ್ದು ಓಡಾಡುವಂತಾದ ಮೇಲೆ ಭೀಮರಾಜ್ ಅವರಿಗೆ ಕೊಟ್ಟ ಲೇಖನ ಮುಂದಿನ ವಾರವೇ ಅಚ್ಚಾಯಿತು.

ಮಾರನೆಯ ದಿನ ಬೆಳಗ್ಗೆ ಎದುರು ಮನೆಯ ವೆಂಕಟಲಕ್ಷ್ಮಮ್ಮ ಪತ್ರಿಕೆ ಹಿಡಿದುಕೊಂಡು ಬಂದು ಭೀಮರಾಜನ ಹೆಂಡತಿ ಲತಾಮಣಿಯನ್ನು ಬಾಗಿಲಲ್ಲೇ ತಡೆದಳು.

"ಏನೇ ಲತಾ, ಎಡಮಂಡಿ ಹೆಂಗೈತೆ ನಿಮ್ಮೆಜಮಾನ್ರದು?"

"ಯಾವ ಮಂಡಿ ಅಕ್ಕಾ?"

"ನಾಟ್ಕ ಸಾಕು. ಎರಡು ವಾರ ಗಂಡ ಕಾಣ್ಲಿಲ್ಲ. ಬಂದ ಮೇಲೆ ನಿಮ್ಮತ್ತೆ ಮನೆಮನೆಗೂ ಕಿತ್ಲೆಹಣ್ಣು ಹಂಚಿದ್ರು. ಯಾಕವ್ವಾ ಅಂದ್ರೆ 'ತಗಳ್ರಿ, ಕೇಳ್ಬ್ಯಾಡಿ' ಅಂದ್ರು. ಈಗ ಪೇಪರಲ್ಲಿ ಬಂದೈತೆ ನೋಡು, 'ಊರು ಕಿತ್ತಳೆಗೆ ಹೆಸರುವಾಸಿ'!"

ಕಿತ್ತಳೆ ಹಂಚಿದ್ದು ನಿಜ. ಅಮ್ಮ ಇಳಿದು ಮೂರನೆಯ ಸಲ ಮೈಗೆ ಬೇವಿನ ನೀರು ಹಾಕಿದ ದಿನ ತಂಪಿಗೆಂದು ನೆರೆಹೊರೆಗೆ ಹಣ್ಣು ಕೊಡಬೇಕು, ಕಾರಣ ಹೇಳಬಾರದು. ರುದ್ರಮ್ಮ ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಿಂದ ಅದನ್ನು ತರಿಸಿದ್ದಳು. ಲತಾಮಣಿ ಹಿಂದಿರುಗಿ ನೋಡಿದಳು. ಅತ್ತೆ ಒಳಗಿನಿಂದ ಕಣ್ಣು ಬಿಡುತ್ತಿದ್ದಳು.

"ನಾನೇನೂ ಹೇಳೋ ಹಂಗಿಲ್ಲ ಕಣಕ್ಕಾ. ಅತ್ತೆ ಬೈತಾರೆ."

"ಅಷ್ಟು ಹೇಳಿದ್ಯಲ್ಲ, ಸಾಕು ಬಿಡು," ಎಂದು ವೆಂಕಟಲಕ್ಷ್ಮಮ್ಮ ತೃಪ್ತಿಯಿಂದ ಹೊರಟಳು. ಮೆಟ್ಟಿಲಿಳಿಯುವಾಗ ತಿರುಗಿ, "ಬೀಜ ಸ್ವಲ್ಪ ಜಾಸ್ತಿ ಇತ್ತು. ಆದ್ರೂ ಫಾರಿನ್ನಿಂದು ಫಾರಿನ್ನಿಂದೇ ಬಿಡು" ಎಂದಳು.

ಸಂಜೆಯೊಳಗೆ ಕಾಲೋನಿಗೆಲ್ಲ ಗೊತ್ತಾಯಿತು. ಮುಖದ ಮೇಲಿನ ಕಲೆಗಳಿಗೆ ಒಬ್ಬರು ಅಲ್ಲಿಯ ಬಿಸಿಲು ಕಾರಣ ಎಂದರು, ಇನ್ನೊಬ್ಬರು ವಿಮಾನದ ಸೊಳ್ಳೆ ಎಂದರು. ಭೀಮರಾಜ್ ಸಿಕ್ಕಿದವರಿಗೆಲ್ಲ ತಾನು ಹೋಗಿಲ್ಲ ಎಂದು ಹೇಳಿದ. ಜನ ಅರ್ಥ ಮಾಡಿಕೊಂಡು ತಲೆಯಾಡಿಸಿದರು. ಸರ್ಕಾರಿ ನೌಕರ, ಪರ್ಮಿಷನ್ ತೆಗೆದುಕೊಂಡಿರಲಿಕ್ಕಿಲ್ಲ, ಪಾಪ ಹೇಗೆ ಒಪ್ಪಿಕೊಂಡಾನು! ಅವನು ಎಷ್ಟು ಗಟ್ಟಿಯಾಗಿ ಇಲ್ಲ ಎಂದನೋ ಸುದ್ದಿ ಅಷ್ಟು ಗಟ್ಟಿಯಾಯಿತು.

ಮೂರನೆಯ ದಿನ ಹಗರೆಯಿಂದ ಬೆಳಗಿನ ಬಸ್ಸಿಗೆ ಸೋದರಮಾವ ಗಿಡ್ಡಪ್ಪ ಬಂದಿಳಿದ. ಊರಿನ ಡೇರಿಗೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವ ಆಸಾಮಿ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಏನ್ಲಾ ಭೀಮಾ, ಗೂಳಿ ಹೆಂಗವೆ?"

"ಮಾವ, ನಾನು ಹೋಗೇ ಇಲ್ಲ."

"ಟೇಸನ್ ಪಕ್ಕದಲ್ಲೇ ಐತೆ ಅಂತ ನೀನೇ ಬರ್ದಿದೀಯ. ಪಕ್ಕದಲ್ಲಿರೋ ಗೂಳಿ ನೋಡದಂಗೆ ಚೆಂಡು ನೋಡಕ್ಕೋದ್ಯಾ? ನಿಮ್ಮಪ್ಪ ಎತ್ತು ಕಟ್ಟಿ ಬಾಳಿದ ಮನುಸ!"

"ಮಾವ, ಅದು ಇಂಟರ್ನೆಟ್ಟಲ್ಲಿ..."

"ಯಾವ ನೆಟ್ಟಲ್ಲಾದ್ರೂ ಕಟ್ಟಿರ್ಲಿ. ಆ ತಳಿ ನಮಗೆ ಬೇಕು. ನಮ್ಮಳಿಯ ಮುಂದಿನ್ ಸಲ ಹೋದಾಗ ತತ್ತಾನೆ ಅಂತ ಡೇರಿ ಮುಂದೆ ಹೇಳ್ಬುಟ್ಟಿವ್ನಿ. ಮರ್ವಾದೆ ಕಳೀಬ್ಯಾಡ."

ಗಿಡ್ಡಪ್ಪ ಊಟ ಮಾಡಿ, ಅಳಿಯನ ಕೆನ್ನೆಯ ಕಲೆಯನ್ನು ಬೆರಳಿನಿಂದ ಮುಟ್ಟಿ, "ಕೊಂಬಿಂದಾ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಮಧ್ಯಾಹ್ನದ ಬಸ್ಸಿಗೆ ಹೋದ.

ಇಷ್ಟಾದರೂ ಭೀಮರಾಜ್ ಬಾಯಿ ಮುಚ್ಚಿಕೊಂಡು ಮನೆಯಲ್ಲಿದ್ದರೆ ಎಲ್ಲ ತಣ್ಣಗಾಗುತ್ತಿತ್ತು. ಆದರೆ ಆ ಭಾನುವಾರ ಬೇಲೂರಿನಿಂದ ಜಯದೇವಪ್ಪನವರ ಪ್ರೆಸ್ಸಿಗೆ ಫೋನು ಬಂತು. ಮಾಡಿದವನು ದೇವಸ್ಥಾನದ ಹಳೆಯ ಗೈಡು ಕರಿಬಸವಯ್ಯ. ಸ್ಪೇನಿನ ಗಂಡಹೆಂಡಿರಿಬ್ಬರು ಬಂದಿದ್ದಾರೆ, ಇಂಗ್ಲಿಷೂ ಬರುವುದಿಲ್ಲ, ಶಿಲಾಬಾಲಿಕೆಗಳನ್ನು ತೋರಿಸಿದರೆ ನಗುತ್ತಾರೆ, ಹಳೇಬೀಡು ಎಂದರೂ ನಗುತ್ತಾರೆ, ನಿಮ್ಮ ಪತ್ರಿಕೆಯ ಸ್ಪೇನಿನವರನ್ನು ಕಳಿಸಿ ಎಂಬುದು ವಿಷಯ. ಯಾರಾದರೂ ಬುದ್ಧಿವಂತರು ಒಲ್ಲೆ ಎನ್ನುತ್ತಿದ್ದರು. ಭೀಮರಾಜನಿಗೆ ಮಾತ್ರ, ತನ್ನ ಕೈಪಿಡಿಯಲ್ಲಿ ತಪ್ಪಿದ್ದರೆ ಪಾಪ ಓದುಗರು ಪರದೇಶದಲ್ಲಿ ದಾರಿ ತಪ್ಪುತ್ತಾರಲ್ಲ, ಬಲ್ಲವರನ್ನು ಕೇಳಿ ತಿದ್ದಿಕೊಳ್ಳುವ ಅವಕಾಶ ಮತ್ತೆ ಸಿಕ್ಕೀತೇ ಎಂಬ ಚಿಂತೆ. ಜಯದೇವಪ್ಪ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಜೊತೆಗೆ ಹೊರಟರು.

ದೇವಸ್ಥಾನದ ಅಂಗಳದಲ್ಲಿ, ಗರುಡನ ಎದುರು, ಬಿಸಿಲಿಗೆ ಕೆಂಪಾದ ವಯಸ್ಸಾದ ದಂಪತಿ ಕುಳಿತಿದ್ದರು. ಭೀಮರಾಜ್ ಹತ್ತಿರ ಹೋಗಿ, ಸಂದರ್ಶನಕ್ಕೆ ನಿಂತವನಂತೆ ಕೈ ಕಟ್ಟಿಕೊಂಡು, "ವೆಲೆನ್ಸಿಯಾ. ಮೆಸ್ತಾಯಾ" ಎಂದ.

ಮುದುಕ ಎದ್ದ. ಟೋಪಿ ತೆಗೆದ. ಭೀಮರಾಜನ ಎರಡೂ ಭುಜ ಹಿಡಿದು ಏನೇನೋ ಕೂಗಿ, ಎದೆಗವಚಿಕೊಂಡು, ಎರಡು ಕೆನ್ನೆಗೂ ಮುತ್ತು ಕೊಟ್ಟ. ಅಲ್ಲಿದ್ದ ಶಾಲಾ ಮಕ್ಕಳು ಚಪ್ಪಾಳೆ ತಟ್ಟಿದರು. ಬಳಿಕ ಇಬ್ಬರೂ ಕಲ್ಲುಹಾಸಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಸೀಮೆಸುಣ್ಣದಲ್ಲಿ ದಾರಿ ಬರೆದರು. ಸ್ಟೇಷನ್ನು, ಗೂಳಿ ಮನೆ, ಹೊಳೆ. ಹೊಳೆ ದಾಟಿದ ಮೇಲೆ ಭೀಮರಾಜ್ ಬಲಕ್ಕೆ ಗೆರೆ ಎಳೆದ. ಮುದುಕ ತಲೆಯಾಡಿಸಿ, ಅಳಿಸಿ, ಎಡಕ್ಕೆ ಎಳೆದ. ಭೀಮರಾಜ್ ಒಪ್ಪಲಿಲ್ಲ, ಎರಡು ಹಾಳೆಯಲ್ಲಿ ತಾಳೆ ನೋಡಿದ್ದನಲ್ಲ. ಸ್ವಲ್ಪ ಹೊತ್ತು ವಾದ ನಡೆದು, ಮುದುಕನ ಹೆಂಡತಿ ಮಧ್ಯೆ ಬಂದು ಗಂಡನ ಪರ ತೀರ್ಪು ಕೊಟ್ಟಳು.

ಕರಿಬಸವಯ್ಯ ಸುತ್ತ ನೆರೆದವರಿಗೆ ಹೇಳಿದ: "ನೋಡ್ರಪ್ಪಾ, ಅವ್ರೂರ ದಾರೀನ ಅವ್ರಿಗೇ ಹೇಳ್ಕೊಡ್ತಾವ್ರೆ! ನಮ್ಮ ಜಿಲ್ಲೆಯೋರು ಅಂದ್ರೆ ಏನ್ ತಿಳ್ಕಂಡಿದೀರಿ!"

ಮುಂದಿನ ವಾರ ಪತ್ರಿಕೆಯ ಮೊದಲ ಪುಟದಲ್ಲಿ ಚಿತ್ರ ಬಂತು: 'ಬೇಲೂರಿನಲ್ಲಿ ಹಳೆಯ ಗೆಳೆಯರ ಮಿಲನ'. ಅದರ ಕೆಳಗೆ, ಭೀಮರಾಜ್ ಹಟ ಮಾಡಿ ಹಾಕಿಸಿದ ತಿದ್ದುಪಡಿ: 'ಹೊಳೆ ದಾಟಿದ ನಂತರ ಬಲಕ್ಕೆ ಎಂದಿರುವುದನ್ನು ಎಡಕ್ಕೆ ಎಂದು ಓದಿಕೊಳ್ಳಬೇಕು. ತೊಂದರೆಗೆ ವಿಷಾದವಿದೆ.'

ಸೋಮವಾರ ಕಚೇರಿಯಲ್ಲಿ ಅವನ ಮೇಜಿನ ಮೇಲೆ ನೋಟೀಸು ಇತ್ತು. ಸರ್ಕಾರದ ಪೂರ್ವಾನುಮತಿಯಿಲ್ಲದೆ ವಿದೇಶ ಪ್ರವಾಸ ಮಾಡಿರುವುದು ಪತ್ರಿಕೆಯಿಂದ ತಿಳಿದುಬಂದಿದ್ದು, ನಿಮ್ಮನ್ನು ಏಕೆ ಅಮಾನತ್ತಿನಲ್ಲಿ ಇಡಬಾರದು? ವಿಚಾರಣೆಗೆ ಹಾಸನದಿಂದ ಗಂಗಾಧರಯ್ಯ ಎಂಬ ಹಿರಿಯ ಅಧಿಕಾರಿ ಬರುತ್ತಾರೆ.

ಭೀಮರಾಜನ ಕೈಯಲ್ಲಿದ್ದ ಹಾಲಿನ ಚೆಂಬು ಅಲುಗಾಡಿತು. ಅವತ್ತು ಮನೆಗೆ ಬಂದವನು ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆತ.

ಗಂಗಾಧರಯ್ಯ ನಿವೃತ್ತಿಯ ಅಂಚಿನಲ್ಲಿದ್ದ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಹುಡುಕುವ, ಸಾಧು ಮನುಷ್ಯ. ಕೆಲಸದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ವಿಚಾರಣೆಯನ್ನು ಸ್ಥಳದಲ್ಲೇ ಮಾಡಬೇಕೆಂದು ಭೀಮರಾಜನ ಮನೆಯ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಕಿಟಕಿಯಲ್ಲಿ ಕಾಲೋನಿ ಸೇರಿತು.

"ಪಾಸ್‌ಪೋರ್ಟ್ ಕೊಡ್ರಿ."

"ಇಲ್ಲ ಸಾರ್."

"ಕಳೆದುಹೋಯ್ತಾ?"

"ಮಾಡಿಸೇ ಇಲ್ಲ ಸಾರ್."

ಗಂಗಾಧರಯ್ಯ ಕನ್ನಡಕ ಇಳಿಸಿ ನೋಡಿದರು. "ಪಾಸ್‌ಪೋರ್ಟೇ ಇಲ್ಲದೆ ಹೋಗಿಬಂದ್ರಾ? ಇದು ಇನ್ನೂ ಗಂಭೀರ ಆಯ್ತಲ್ರೀ."

"ಸಾರ್, ನಾನು ಹೋಗಿಲ್ಲ!"

"ಹಾಗಾದ್ರೆ ಆ ಎರಡು ವಾರ ಎಲ್ಲಿದ್ರಿ?"

ಭೀಮರಾಜ್ ತಾಯಿಯ ಕಡೆ ನೋಡಿದ. ಗಂಗಾಧರಯ್ಯನವರೂ ನೋಡಿದರು. "ನೀವು ಹೇಳಿಯಮ್ಮಾ. ನಿಮ್ಮ ಮಗ ಎಲ್ಲಿದ್ರು?"

"ಹೇಳ್ಬಾರದು ಸ್ವಾಮಿ," ಎಂದಳು ರುದ್ರಮ್ಮ.

"ಯಾರು ಹೇಳಬಾರದು ಅಂದಿದ್ದು?"

"ಅವ್ಳೇ."

"ಯಾರವಳು?"

"ದೊಡ್ಡೋಳು. ಬಂದಿದ್ಲು, ಎರಡು ವಾರ ಇದ್ಲು, ವೋದ್ಲು. ಈಗ ಬಾಯ್ಬುಟ್ರೆ ತಿರುಗಿ ಬತ್ತಾಳೆ."

ಗಂಗಾಧರಯ್ಯ ಒಂದು ಕ್ಷಣ ಲತಾಮಣಿಯ ಮುಖ ನೋಡಿ, ಅಯ್ಯೋ ಪಾಪ ಎಂಬಂತೆ ನಿಟ್ಟುಸಿರು ಬಿಟ್ಟು, 'ಪ್ರಕರಣದಲ್ಲಿ ಮಹಿಳೆಯೊಬ್ಬಳ ಪಾತ್ರವೂ ಕಂಡುಬರುತ್ತದೆ' ಎಂದು ಬರೆದುಕೊಂಡರು.

ಇಷ್ಟು ಹೊತ್ತು ತಡೆದುಕೊಂಡಿದ್ದ ಭೀಮರಾಜ್ ಸಿಡಿದ. "ಸಾರ್, ನನಗೆ ಚಿಕನ್‌ಪಾಕ್ಸ್ ಆಗಿತ್ತು! ಒಳಗಿನ ರೂಮಲ್ಲಿ ಮಲಗಿದ್ದೆ! ಕಿತ್ತಳೆ ಬಸ್‌ಸ್ಟ್ಯಾಂಡಿಂದು!"

ರುದ್ರಮ್ಮ ಒಂದು ಕೈಯಲ್ಲಿ ಕೆನ್ನೆ ಬಡಿದುಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯ ಬಾಯಿ ಮುಚ್ಚಿದಳು. ಕಿಟಕಿಯಲ್ಲಿ ಗದ್ದಲವೆದ್ದಿತು. ಗಂಗಾಧರಯ್ಯ ಶಾಂತವಾಗಿ, "ಡಾಕ್ಟರ್ ಸರ್ಟಿಫಿಕೇಟು?" ಎಂದರು.

"ಡಾಕ್ಟರಿಗೆ ತೋರಿಸಲಿಲ್ಲ ಸಾರ್."

"ಬಿ.ಕಾಂ. ಓದಿದೀರಿ. ಯಾಕೆ ತೋರಿಸಲಿಲ್ಲ?"

ಈ ಪ್ರಶ್ನೆಗೆ ಉತ್ತರ ಕಿಟಕಿಯಿಂದ ಬಂತು. "ಸುಳ್ಳು ಸ್ವಾಮಿ, ಸುಳ್ಳು!" ಎಂದಳು ವೆಂಕಟಲಕ್ಷ್ಮಮ್ಮ, ಅವನನ್ನು ಕಾಪಾಡುತ್ತಿದ್ದೇನೆ ಎಂಬ ಪೂರ್ಣ ನಂಬಿಕೆಯಿಂದ. "ಅಮ್ಮ ಗಿಮ್ಮ ಏನೂ ಇಲ್ಲ, ಗುಳ್ಳೆ ಎದ್ರೆ ಮೊದಲು ಡಾಕ್ಟರ ಹತ್ರ ಹೋಗಿ ಅಂತ ಹೋದ ವರ್ಷ ಮೈಕಲ್ಲಿ ಹೇಳಿದ್ದೇ ಇವರು. ಅಂಥಾ ವಿದ್ಯಾವಂತರು ಬೇವಿನ ಸೊಪ್ಪಲ್ಲಿ ಮಲಗ್ತಾರಾ? ಅವ್ರು ಸ್ಪೇನಿಗೇ ಹೋಗಿದ್ದು! ಹಣ್ಣು ನಾನೇ ತಿಂದಿದೀನಿ!"

ಹಿಂದಿನಿಂದ ಗಿಡ್ಡಪ್ಪನ ದನಿ ಕೇಳಿತು. ವಿಚಾರಣೆ ಎಂದು ತಿಳಿದು ಅಳಿಯನ ಪರ ನಿಲ್ಲಲು ಹಗರೆಯಿಂದ ಬಂದಿದ್ದ. "ಗೂಳಿ ಕೊಂಬಿನ ಗಾಯ ಮುಖದ ಮ್ಯಾಲೇ ಅವೆ ಸ್ವಾಮಿ. ನೋಡ್ಕಳಿ!"

ಭೀಮರಾಜ್ ಪಟಗಳ ಕಡೆ ನೋಡಿದ. ಬುದ್ಧ ಎಂದಿನಂತೆ ಮುಗುಳ್ನಗುತ್ತಿದ್ದ. ಬಾಬಾಸಾಹೇಬರು ನಗುತ್ತಿರಲಿಲ್ಲ.

ವಾರದ ನಂತರ ಗಂಗಾಧರಯ್ಯ ಅವನನ್ನು ಹಾಸನಕ್ಕೆ ಕರೆಸಿಕೊಂಡು, ಬಾಗಿಲು ಮುಂದೆ ಮಾಡಿ, ಕುರ್ಚಿ ತೋರಿಸಿದರು.

"ನೋಡಿ ಭೀಮರಾಜ್, ಫೈಲಿನಲ್ಲಿ ನೀವು ಹೋಗಿದೀರಿ ಅನ್ನೋದಕ್ಕೆ ಲೇಖನ ಇದೆ, ಫೋಟೋ ಇದೆ, ತಿದ್ದುಪಡಿ ಇದೆ, ಹಣ್ಣು ತಿಂದವರ ಹೇಳಿಕೆ ಇದೆ. ಹೋಗಿಲ್ಲ ಅನ್ನೋದಕ್ಕೆ ನೀವೊಬ್ರೇ ಇದೀರಿ. ನಿಮ್ಮ ತಾಯೀನೇ ನಿಮ್ಮ ಕಡೆಗಿಲ್ಲ."

"ಹೋಗದೇ ಇರೋದನ್ನ ಹೆಂಗೆ ಸಾರ್ ತೋರಿಸೋದು?"

"ಅದೇ ನೋಡಿ ಕಷ್ಟ. ಹೋದವರಿಗೆ ನಿಯಮ ಇದೆ, ಹೋಗದವರಿಗೆ ನಿಯಮ ಇಲ್ಲ. ಹೋಗಿಲ್ಲ ಅಂತ ಹಟ ಹಿಡಿದ್ರೆ ವಿಚಾರಣೆಗೆ ಸುಳ್ಳು ಹೇಳಿದ್ರು ಅಂತ ಇನ್ನೊಂದು ಆರೋಪ ಸೇರತ್ತೆ. ಕೆಲಸಕ್ಕೇ ಸಂಚಕಾರ." ಅವರು ಮುಂದೆ ಬಗ್ಗಿ ದನಿ ತಗ್ಗಿಸಿದರು. "ನೀವು ಸಭ್ಯಸ್ಥರು. ದಾರಿ ತಪ್ಪಿದವರಿಗೋಸ್ಕರ ವಿಷಾದ ವ್ಯಕ್ತಪಡಿಸಿದ ಇನ್ನೊಬ್ಬ ನೌಕರನನ್ನ ನಾನು ನೋಡಿಲ್ಲ. ಅದಕ್ಕೇ ಒಂದು ಉಪಾಯ ಹುಡುಕಿದೀನಿ. ಘಟನೋತ್ತರ ಅನುಮತಿ. ಹೋಗಿಬಂದ ಮೇಲೆ ಕೊಡೋ ಪರ್ಮಿಷನ್. ಹೋಗಿದ್ದೆ, ತಪ್ಪಾಯ್ತು, ಮಂಜೂರು ಮಾಡಿ ಅಂತ ಬರ್ಕೊಡಿ. ಎರಡು ವಾರ ಗಳಿಕೆ ರಜೆ ಹೋಗತ್ತೆ. ನೌಕರಿ ಉಳಿಯತ್ತೆ."

ಭೀಮರಾಜ್ ಪೆನ್ನಿನ ಮುಚ್ಚಳ ತೆಗೆದ. ಸತ್ಯವೆಂಬುದು ಒಂದು ಕಡೆ, ತುಂಬಿದ ಚೆಂಬು ಒಂದು ಕಡೆ. ಕೊನೆಗೆ ಬರೆದು, ಸಹಿ ಹಾಕಿ, ತಾರೀಕು ಸರಿಯಿದೆಯೇ ಎಂದು ಎರಡು ಸಲ ನೋಡಿ ಕೊಟ್ಟ. ಗಂಗಾಧರಯ್ಯ ಮೊಹರು ಒತ್ತಿಸಿ ಆದೇಶ ಕೈಗಿಟ್ಟರು. ಆಮೇಲೆ ಫೈಲು ಕಟ್ಟಿಟ್ಟು, ಅಧಿಕಾರವನ್ನೂ ಅದರೊಳಗೇ ಕಟ್ಟಿಟ್ಟವರಂತೆ ಸಡಿಲಾಗಿ ಕುಳಿತು, "ಈಗ ನಿಜ ಹೇಳ್ರಿ, ಪಂದ್ಯ ಎಷ್ಟೊತ್ತಿಗೆ ಶುರು ಆಗತ್ತೆ ಅಲ್ಲಿ?" ಎಂದು ಕೇಳಿದರು.

"ತಡವಾಗಿ ಸಾರ್. ನಾವು ಊಟ ಮಾಡಿ ಮಲಗೋ ಹೊತ್ತಿಗೆ ಅವರು ಮನೆಯಿಂದ ಹೊರಡ್ತಾರೆ," ಎಂದ ಭೀಮರಾಜ್. ಅವನ ದನಿಯಲ್ಲಿ ಎಲ್ಲಿಂದಲೋ ಒಂದು ಗತ್ತು ಬಂದಿತ್ತು. "ಮೇಲಿನ ಅಂತಸ್ತಿಗೆ ಹೋಗ್ಬೇಡಿ ಸಾರ್, ನಿಮ್ಮ ವಯಸ್ಸಿಗೆ ಆಗಲ್ಲ. ಮಂಡಿ ಹಿಡಿಯುತ್ತೆ."

ಮನೆಗೆ ಬಂದಾಗ ನಡುಮನೆಯಲ್ಲಿ ರುದ್ರಮ್ಮ, ಗಿಡ್ಡಪ್ಪ, ವೆಂಕಟಲಕ್ಷ್ಮಮ್ಮ ಎಲ್ಲ ಕಾದಿದ್ದರು. ಅವನು ಆದೇಶವನ್ನು ಎತ್ತಿ ತೋರಿಸಿದ. ಕೆಲಸ ಉಳಿಯಿತೆಂದು ತಿಳಿದು ರುದ್ರಮ್ಮ ಆಕಾಶಕ್ಕೆ ಕೈ ಮುಗಿದಳು. ಗಿಡ್ಡಪ್ಪ, "ನಾನೇಳ್ನಿಲ್ವಾ!" ಎಂದು ತೊಡೆ ತಟ್ಟಿದ. ಲತಾಮಣಿ ಕಾಗದ ಇಸಕೊಂಡು, ಕೆಂಪು ಮೊಹರಿ‌ನವರೆಗೂ ನಿಧಾನವಾಗಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಗಂಡನನ್ನು ಅಡುಗೆಮನೆಗೆ ಕರೆದು, ಬಾಗಿಲು ಸರಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಸರ್ಕಾರದೋರೇ ಸೀಲ್ ಹೊಡೆದು ಕೊಟ್ಟವ್ರೆ ಅಂದ್ಮೇಲೆ ನಾನು ಯಾವಳು ಇಲ್ಲ ಅನ್ನಕ್ಕೆ. ಆದ್ರೆ ಒಂದು ಮಾತು ಹೇಳಿಬಿಡ್ರಿ. ಆ ಎರಡು ವಾರ ಒಳಗಿನ ರೂಮಲ್ಲಿ ಮಲಗಿಕೊಂಡು ಬೆನ್ನು ಕೆರಿ, ಗಂಜಿ ತಾ ಅಂತ ನನ್ನ ಜೀವ ತಿಂದೋನು ಯಾರ್ರೀ?"